ಬಣ್ಣದ ಕೊಕ್ಕರೆ ದನಿ ಬಿಟ್ಟದ್ದು

ಲೋಕ ಹೊಸದಾಗಿದ್ದಾಗ, ಹೊಳೆಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಒಂದು ಬೇಸಿಗೆಯ ಮೊದಲಲ್ಲಿ ಇದು ನಡೆಯಿತು.

ಆಗ ಬಣ್ಣದ ಕೊಕ್ಕರೆಗೆ ದನಿಯಿತ್ತು. ಹೊಳೆಯ ನಡುಗಡ್ಡೆಯ ಜಾಲಿಮರದಲ್ಲಿ ಒಂದು ತಾಯಿ ಕೊಕ್ಕರೆ ಗೂಡು ಕಟ್ಟಿತ್ತು. ಅದಕ್ಕೆ ನಾಲ್ಕು ಮರಿಗಳು. ಮೀನು ಹಿಡಿದು ಮರಳುವಾಗ ಅದು ದೂರದಿಂದಲೇ ಕೂಗುತ್ತಿತ್ತು.

“ಬಂದೆ ಮಕ್ಕಳೇ, ಬಂದೆ.”

“ಬಾ ಅಮ್ಮಾ, ಬಾ” ಎಂದು ನಾಲ್ಕೂ ಮರಿಗಳು ಗೂಡಿನ ಅಂಚಿಗೆ ಬಂದು ಕತ್ತು ಚಾಚುತ್ತಿದ್ದವು.

ಕೆಳಗಿನ ಕೊಂಬೆಯ ನೀರುಕಾಗೆ ನಗುತ್ತಿತ್ತು. “ಅಲ್ಲಕ್ಕಾ, ಒಂದು ಹಿಡಿ ಮೀನು ತರುವುದಕ್ಕೆ ಇಷ್ಟು ದೊಡ್ಡ ಡಂಗುರವೇ?”

“ಕೂಗದಿದ್ದರೆ ಮಕ್ಕಳು ಹೆದರುತ್ತವೆ ಕಣೋ.”

ಒಂದು ದಿನ ಮೂರು ಮರಿಗಳಷ್ಟೇ ಓಗೊಟ್ಟವು.

“ತಮ್ಮ ಎಲ್ಲಿ?”

“ಹದ್ದಿನ ನೆರಳು ಬಂತಮ್ಮಾ. ಆಮೇಲೆ ತಮ್ಮ ಇರಲಿಲ್ಲ.”

ಉಳಿದವಕ್ಕೆ ಧೈರ್ಯ ಬರಲಿ ಎಂದು ತಾಯಿ ಮರುದಿನ ಇನ್ನೂ ದೂರದಿಂದ, ಇನ್ನೂ ಗಟ್ಟಿಯಾಗಿ ಕೂಗಿತು. ಎರಡು ಮರಿಗಳು ಓಗೊಟ್ಟವು. ಅದರ ಮರುದಿನ ಮತ್ತೂ ದೂರದಿಂದ, ಮತ್ತೂ ಗಟ್ಟಿಯಾಗಿ ಕೂಗಿತು. ಒಂದೇ ಮರಿ ಓಗೊಟ್ಟಿತು.

ತಾಯಿ ಗಾಳಿಯನ್ನು ಕೇಳಿತು: “ಗಾಳಿಯಣ್ಣ, ಹದ್ದಿಗೆ ನನ್ನ ಗೂಡು ತೋರಿಸಿದವರು ಯಾರು?”

ಗಾಳಿ ಹೇಳಿತು: “ನೀನೇ, ತಂಗಿ. ನಿನ್ನ ಕೂಗನ್ನು ನಾನು ಗೂಡಿಗೂ ಒಯ್ದೆ, ಹದ್ದಿನ ಬಂಡೆಗೂ ಒಯ್ದೆ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ಆರಿಸಲು ನನಗೆ ಬರುವುದಿಲ್ಲ. ನೀನು ಕೂಗಿದೆ, ಮರಿಗಳು ಕತ್ತು ಚಾಚಿದವು, ಹದ್ದು ನೋಡಿತು. ನಿನಗಿಂತ ಮೊದಲು ಅದು ಬಂತು.”

“ಹಾಗಾದರೆ ನನ್ನ ದನಿಯನ್ನು ತೆಗೆದುಕೊಂಡು ಹೋಗು.”

“ಒಯ್ದದ್ದನ್ನು ಮರಳಿ ತರಲೂ ನನಗೆ ಬರುವುದಿಲ್ಲ.”

“ಗೊತ್ತು. ತೆಗೆದುಕೋ.”

ಆ ಸಂಜೆ ತಾಯಿ ಸದ್ದಿಲ್ಲದೆ ಬಂದಿಳಿಯಿತು. ನೆರಳು ಕಂಡ ಮರಿ ಹದ್ದೇ ಬಂತೆಂದು ಕಡ್ಡಿಗಳ ನಡುವೆ ಮುದುಡಿ ಕಣ್ಣು ಮುಚ್ಚಿತು. ‘ನಾನು ಮಗೂ’ ಎನ್ನಲು ತಾಯಿ ಬಾಯಿ ತೆರೆಯಿತು. ಏನೂ ಬರಲಿಲ್ಲ. ತನ್ನ ಕೊಕ್ಕಿನ ಎರಡೂ ತುದಿಗಳನ್ನು ಒಂದಕ್ಕೊಂದು ಬಡಿದು ಟಕಟಕ ಎನ್ನಿಸಿತು. ಮರಿ ಬಹಳ ಹೊತ್ತು ಕಣ್ಣು ಬಿಡಲಿಲ್ಲ. ಬಿಡುವವರೆಗೂ ತಾಯಿ ಕೊಕ್ಕು ಬಡಿಯುತ್ತಲೇ ನಿಂತಿತ್ತು.

ಅದಕ್ಕೇ ಇಂದಿಗೂ ಬೆಳೆದ ಬಣ್ಣದ ಕೊಕ್ಕರೆ ಕೂಗುವುದಿಲ್ಲ, ಗೂಡಿಗೆ ಬಂದು ಕೊಕ್ಕು ಬಡಿಯುತ್ತದೆ. ಮರಿಗಳು ಮಾತ್ರ ಕೂಗುತ್ತವೆ. ಬೆಳೆಯುತ್ತ ಅವೂ ತಮ್ಮ ದನಿಯನ್ನು ಗಾಳಿಗೆ ಕೊಟ್ಟುಬಿಡುತ್ತವೆ. ಪಕ್ಷಿಧಾಮದ ದೋಣಿಯಲ್ಲಿ ಕೂತು ನೀನು ಈಗ ದುರ್ಬೀನಿನಲ್ಲಿ ನೋಡುತ್ತಿರುವ ಆ ಗೂಡಿನಲ್ಲಿ ಮರಿಗಳು ಎರಡು, ಅವಿನ್ನೂ ಕೂಗುತ್ತಿವೆ.