ಹಸಿರು ಟ್ಯೂಬಿನೊಳಗಿನ ಅಜ್ಜಾರು

ಅಡಿವೆಪ್ಪ ಹಾಲು ಕುಡಿಯುವ ಮೊದಲು ಎಮ್ಮೆಯನ್ನೂ ಒಮ್ಮೆ ನೋಡಿ ಬರುವ ಆಸಾಮಿ. ಅಂಥ ಅನುಮಾನದ ಪ್ರಾಣಿ. ಅದಕ್ಕೇ ಹೊಳೆ ದಂಡೆಯ ಆಶ್ರಮದ ಶಾಲೆಗೆ ಹಳೆಯ ಪ್ರೊಜೆಕ್ಟರ್ ಕೊಳ್ಳುವ ಮಾತು ಬಂದಾಗ, ಎಲ್ಲರೂ ಅಜ್ಜಾರು ಎಂದು ಕರೆಯುವ ಗುರುಗಳು ಆ ಕೆಲಸವನ್ನು ಈ ಶಿಷ್ಯನಿಗೇ ವಹಿಸಿದರು.

“ನಮ್ಮ ಶಾಲಿ ಮಕ್ಕಳಿಗೆ ಕಿವಿ ಕೇಳಂಗಿಲ್ಲ,” ಅಂದರು. “ಪರದೆ ಮ್ಯಾಲಿನ ಅಕ್ಷರಾನ ಅವರಿಗೆ ಮಾತು. ಅಕ್ಷರ ಮಸುಕಾದ್ರ ಅಷ್ಟು ಮಾತು ಹೋದಂಗ. ನೀ ಹೂಂ ಅಂದ್ರ ತಗೊಳ್ಳೋಣು.”

ಹಳೆ ಸಾಮಾನು ಮಾರುವ ವಿಲಾಸ ಎಂಬವನು ಅದನ್ನು ಪೇಟೆಯಿಂದ ಟೆಂಪೋದಲ್ಲಿ ತಂದ. ಒರಳುಕಲ್ಲಿನಷ್ಟು ಭಾರ. ಮುಂದೆ ಮೂರು ದೊಡ್ಡ ಗಾಜಿನ ಕಣ್ಣು, ಒಂದೊಂದರ ಹಿಂದೆ ಒಂದೊಂದು ಟ್ಯೂಬು: ಕೆಂಪು, ಹಸಿರು, ನೀಲಿ. ಮೂರೂ ಬೆಳಕು ಪರದೆಯ ಮೇಲೆ ಕೂಡಿದರೆ ಚಿತ್ರ.

ವಿಲಾಸ ಕುಣಿತದ ಕ್ಯಾಸೆಟ್ ಹಾಕಿದ. ಪರದೆಯ ತುಂಬ ಬಣ್ಣವೋ ಬಣ್ಣ.

“ಚೆಂದ ಐತಲ್ಲೋ,” ಅಂದರು ಅಜ್ಜಾರು.

“ಅದಕ್ಕ ಸಂಶೇ ಬರ್ತೈತ್ರಿ,” ಅಂದ ಅಡಿವೆಪ್ಪ. “ಇಷ್ಟು ಕುಣಿಯೋ ಚಿತ್ರದಾಗ ಯಾವ ಕಲೆನೂ ಕಣ್ಣಿಗೆ ಬೀಳಂಗಿಲ್ಲ.”

“ಓಡಿದ ತಾಸು ಇಲ್ಲೇ ತೋರಿಸ್ತೈತಿ ನೋಡ್ರಿ, ಭಾಳ ಕಡಿಮಿ,” ಅಂದ ವಿಲಾಸ.

“ಅಂಕಿ ಹಿಂದಕ್ಕ ತಿರುಗಸಾಕ ಬರ್ತೈತಿ.”

“ಮತ್ತ ಹೆಂಗ ನೋಡ್ತಿ?” ಕೇಳಿದರು ಅಜ್ಜಾರು.

“ಆರಿಸಿ ನೋಡ್ಬೇಕ್ರಿ. ಉರಿಯುವಾಗ ಎಲ್ಲಾ ಟ್ಯೂಬೂ ಮೆರಿತಾವ. ಆರಿಸಿ, ಒಳಗ ಬ್ಯಾಟರಿ ಬೆಳಕು ಬಿಡಬೇಕು. ಒಂದ ಚಿತ್ರ ಭಾಳ ದಿನ ಅಲಗದಂಗ ನಿಂತಿದ್ರ, ಅಲ್ಲಿ ಗಾಜಿನ ಲೇಪ ಸುಟ್ಟು ಕಂದಾಗಿರ್ತೈತಿ. ಅಲ್ಲಿಂದ ಮತ್ತ ಬೆಳಕು ಹೊರಗ ಬರಂಗಿಲ್ಲ.”

ಅಜ್ಜಾರು ತಲೆದೂಗಿದರು. ವಿಲಾಸ ಒಲ್ಲದ ಮನಸ್ಸಿನಿಂದ ಸ್ವಿಚ್ ಆರಿಸಿದ.

ಅಡಿವೆಪ್ಪ ಬ್ಯಾಟರಿ ಹಿಡಿದು ಕೆಂಪು ಟ್ಯೂಬು ನೋಡಿದ. ಸ್ವಚ್ಛ. ನೀಲಿಯೂ ಸ್ವಚ್ಛ. ಅವನ ಹುಬ್ಬು ಗಂಟಿಕ್ಕಿತು.

“ಇವೆರಡೂ ಹೊಸಾವು. ಹಸಿರೂ ಬದಲಿ ಮಾಡೀರೇನು?”

“ಸಿಗಲಿಲ್ರಿ,” ಎಂದ ವಿಲಾಸ, ಹೊಳೆಯ ಕಡೆ ನೋಡುತ್ತ.

ಅಡಿವೆಪ್ಪ ಹಸಿರು ಟ್ಯೂಬಿನೊಳಕ್ಕೆ ಬೆಳಕು ಬಿಟ್ಟ. ನಟ್ಟನಡುವೆ ಕಂದು ಕಲೆ ಇತ್ತು. ಅದಕ್ಕೊಂದು ಆಕಾರವೂ ಇತ್ತು, ತಲೆಕೆಳಗಾಗಿ. ಅವನು ಕತ್ತು ತಿರುಚಿ, ತಾನೂ ತಲೆಕೆಳಗಾಗಿ ನೋಡಿದ. ರುಮಾಲು. ಗಡ್ಡ. ಸ್ವಲ್ಪ ವಾಲಿದ ಎಡ ಹೆಗಲು.

ಬ್ಯಾಟರಿ ಹಿಡಿದೇ ಕೈ ಮುಗಿದ.

“ಅಜ್ಜಾರ, ಒಳಗ ನೀವ ಇದ್ದೀರಿ.”

ವಿಲಾಸ ಬಗ್ಗಿ ನೋಡಿದ. ಚುರುಕು ಮನುಷ್ಯ, ತಡಮಾಡಲಿಲ್ಲ. “ಅದಕ್ಕ ಈ ಮಷಿನ್ ಹುಡುಕ್ಕೊಂಡು ಇಲ್ಲಿಗೇ ಬಂದೈತ್ರಿ. ಕರೆಂಟ್ ಇಲ್ದ ದರ್ಶನ ಕೊಡ್ತೈತಿ.”

ಅಡಿವೆಪ್ಪನ ಕಣ್ಣು ತುಂಬಿ ಬಂದಿತ್ತು. “ಇದನ್ನ ತಗೊಳ್ಳೋಣ್ರಿ ಅಜ್ಜಾರ. ಬ್ಯಾರೇದು ಬ್ಯಾಡ. ನಾ ಹೂಂ ಅಂದೆ.”

ಅಜ್ಜಾರು ವಿಲಾಸನ ಕಡೆ ತಿರುಗಿದರು. “ಮೊದಲ ಎಲ್ಲಿತ್ತು ಇದು?”

“ಪ್ಯಾಟ್ಯಾಗ, ನಿಮ್ಮ ಭಕ್ತರ ಭಜನಿ ಮಂದಿರದಾಗ್ರಿ. ಈಗ ಮುಚ್ಯಾರ.”

“ಏನ ತೋರಿಸ್ತಿದ್ರು?”

“ನಿಮ್ಮ ಫೋಟೋ.”

“ಎಷ್ಟೊತ್ತು?”

“ಮುಂಜಾನಿಯಿಂದ ಸಂಜಿತನಕ. ದಿನಾಲೂ.” ವಿಲಾಸನ ದನಿ ಸಣ್ಣದಾಯಿತು.

“ಕೇಳಿದೇನು?” ಅಂದರು ಅಜ್ಜಾರು.

“ಕೇಳಿದೆ,” ಅಂದ ಅಡಿವೆಪ್ಪ. “ಆದ್ರೂ ಅದು ನೀವ ಅಲ್ಲೇನ್ರಿ?”

ಅಜ್ಜಾರು ಶಾಲೆಯ ಪಾಠದ ಕ್ಯಾಸೆಟ್ ತರಿಸಿ ಹಾಕಿಸಿದರು. ಪರದೆ ಕಪ್ಪು ಹಲಗೆಯಂತಾಯಿತು. ಅದರ ಮೇಲೆ ಹಸಿರು ಅಕ್ಷರದ ಒಂದು ಸಾಲು ಮೂಡಿ ನಿಂತಿತು.

“ಓದು.”

“ಮಕ್ಕಳೇ, ಹೊಳೆಗೆ ದೊಡ್ಡವರ ಜೊತೆಗೇ ಹೋಗಿ,” ಎಂದು ಅಡಿವೆಪ್ಪ ಸರಾಗವಾಗಿ ಓದಿದ.

“ನಡುವಿನ ಮಾತು ಎಲ್ಲಿ ಐತಿ, ಬಟ್ಟು ಮಾಡಿ ತೋರಿಸು.”

ಅವನು ಪರದೆಯ ಹತ್ತಿರ ಹೋದ. ಬೆರಳೆತ್ತಿದ. ನಡುವೆ, ರುಮಾಲು ಗಡ್ಡದ ಜಾಗದಲ್ಲಿ, ಏನೂ ಇರಲಿಲ್ಲ. ಬರೀ ಕಪ್ಪು.

“ಕಾಣವಲ್ದು. ಈ ಪಾಠ ನಂಗ ಬಾಯಿಪಾಠ ಐತ್ರಿ, ಹಂಗಾಗಿ ಓದಿಬಿಟ್ಟೆ.”

“ಬಾಯಿಪಾಠ ಇಲ್ದ ಮಕ್ಕಳು ಹೆಂಗ ಓದ್ತಾವ? ಹಂಗ ಓದು.”

ಅಡಿವೆಪ್ಪ ಕಂಡ ಅಕ್ಷರಕ್ಕಷ್ಟೇ ಬೆರಳಿಟ್ಟ. ಆಮೇಲೆ ಮೆಲ್ಲಗೆ ಓದಿದ.

“ಮಕ್ಕಳೇ, ಹೊಳೆಗೆ... ಹೋಗಿ.”

ಓದಿದ ಮೇಲೆ ಅವನಿಗೆ ಭಯವಾಯಿತು. ಶಾಲೆಯ ಹಿಂದೆಯೇ ಹೊಳೆ.

ವಿಲಾಸ ತಾನಾಗಿಯೇ ವೈರು ಸುತ್ತತೊಡಗಿದ. ಪ್ರೊಜೆಕ್ಟರ್ ಹೊತ್ತು ಟೆಂಪೋ ವಾಪಸ್ ಹೋಯಿತು.

“ಅಜ್ಜಾರ,” ಅಂದ ಅಡಿವೆಪ್ಪ ಕೊನೆಗೆ. “ಅವನ ಮ್ಯಾಲ ಸಂಶೇ ಪಟ್ಟೆ. ಅಂಕಿ ಮ್ಯಾಲ ಪಟ್ಟೆ. ಹೊಸಾ ಟ್ಯೂಬಿನ ಮ್ಯಾಲೂ ಪಟ್ಟೆ. ಸುಟ್ಟ ಕಲೆ ಕಣ್ಣೆದುರು ಇತ್ತು, ಅಲ್ಲಿ ಮಾತ್ರ ಯಾಕ ಕೈ ಮುಗಿದೆ?”

ಅಜ್ಜಾರು ಅವನ ಕೈಯಿಂದ ಬ್ಯಾಟರಿ ತೆಗೆದುಕೊಂಡರು. ಹತ್ತಿರ ಬಂದು, ಗದ್ದ ಹಿಡಿದೆತ್ತಿ, ಅವನ ಕಣ್ಣೊಳಕ್ಕೆ ಬೆಳಕು ಬಿಟ್ಟರು.

“ಅಲಗಬ್ಯಾಡ. ನಿನ್ನೊಳಗ ನಾ ಎಷ್ಟು ಸುಟ್ಟೀನಿ, ನೋಡ್ತೀನಿ.”