ಮೋನವ್ವನ ಅಳತೆಯ ಕುರ್ಚಿ

ಹೂಂಗುಟ್ಟಲು ಒಬ್ಬರಾದರೂ ಇದ್ದೀರಿ ತಾನೇ? ಹಾಗಾದರೆ ಬಡಿಗರ ಮಾನಪ್ಪನ ವಿಷಯ ಹೇಳುತ್ತೇನೆ.

ಮಾನಪ್ಪನಿಗೆ ಮೂವತ್ತು ತುಂಬಿತ್ತು. ಮೀಸೆ ಇತ್ತು, ಕೈಯಲ್ಲಿ ಕಸುಬೂ ಇತ್ತು, ಬುದ್ಧಿ ಮಾತ್ರ ಇನ್ನೂ ಬರುವುದಿತ್ತು. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಹಾಲು ಉಕ್ಕಿದರೆ ಕರಿ ಅಂದರೆ, ಉಕ್ಕುವವರೆಗೆ ಕಾದಿದ್ದು, ಉಕ್ಕಿ ಒಲೆ ಆರಿದ ಮೇಲೆ ಕರೆಯುವವನು. ತಾಯಿ ಮೋನವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಗಂಡ ತೀರಿದ ಮೇಲೆ ಅವಳಿಗೆ ಒಂದೇ ಚಿಂತೆ, ದೇಸಾಯರ ದೊಡ್ಡ ಮನೆಯ, ಅಂದರೆ ವಾಡೆಯ, ಕೆಲಸ ಕೈತಪ್ಪಬಾರದು. ಆ ವಾಡೆಯಲ್ಲಿ ಆರು ಹಳೇ ಸಾಗವಾನಿ ಕುರ್ಚಿಗಳಿದ್ದವು, ಮಾನಪ್ಪನ ಮುತ್ತಜ್ಜ ಮಾಡಿದ್ದು. ಹುಡುಕಿದರೂ ಒಂದು ಮೊಳೆ ಸಿಗದು. ಕಟ್ಟಿಗೆಯೊಳಗೆ ಕಟ್ಟಿಗೆ ಕೂಡಿಸಿ ಬಿದಿರಿನ ಗೂಟ ಹೊಡೆದದ್ದು, ಬೆನ್ನಿಗೆ ಬೆತ್ತದ ಹೆಣಿಗೆ. ಅವುಗಳ ದುರಸ್ತಿ ತಲೆತಲಾಂತರದಿಂದ ಈ ಮನೆಯದೇ.

ಕುರ್ಚಿ ಮಾಡುವ ಮನೆಯಾದರೂ ಮೋನವ್ವ ಕುರ್ಚಿಯಲ್ಲಿ ಕೂತವಳಲ್ಲ. ಮಾಡಿಸಿದವರು ಕೂಡುವ ಮುಂಚೆ ಬಡಿಗರ ಮನೆಯವರು ಕೂಡಬಾರದು ಎಂಬುದು ಅವರ ರೀತಿ. ಕೂತ ಮೇಲೆ ಕುರ್ಚಿ ಅವರ ಮನೆಗೇ ಹೋಗುತ್ತಿತ್ತು. ಇವಳಿಗೆ ನೆಲವೇ ಗತಿ. ಎಡ ಮೊಣಕಾಲು ಮಡಚಲು ಬರದೆ, ಕಾಲು ಚಾಚಿ ಕೂತು, ಗೋಡೆ ಹಿಡಿದು ಏಳುತ್ತಿದ್ದಳು.

ಒಂದು ದಿನ ಆರರಲ್ಲಿ ಒಂದು ಕುರ್ಚಿಗೆ ಗೆದ್ದಲು ಹತ್ತಿ ಕುಸಿಯಿತು. ವಾಡೆಯ ಹಿರಿಯಳು ಅಂಬಕ್ಕ ಇನ್ನೊಂದನ್ನು ಮಾದರಿಗೆ ಕೊಟ್ಟು, ಕೂದಲೆಳೆಯಷ್ಟೂ ಬೇರೆ ಕಾಣದ ಹಾಗೆ ಹೊಸದು ಮಾಡಿಕೊಡು ಅಂದಳು. ಮಾನಪ್ಪ ತಿಂಗಳು ದುಡಿದ. ಮಾದರಿಯ ಕೈ ಮುರಿದು ಅದಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿತ್ತು, ಹೊಸದರ ಕೈಯನ್ನೂ ಮುರಿದು ಅಂಥದೇ ಹಗ್ಗ ಸುತ್ತಿದ. ಮಾದರಿಗೆ ಹುಳ ಹೊಡೆದ ತೂತುಗಳಿದ್ದವು. ಅವನ್ನು ಎಣಿಸಿ, ಅಷ್ಟೇ ತೂತುಗಳನ್ನು ಬೈರಿಗೆಯಿಂದ ಕೊರೆದ. ಅಂಬಕ್ಕ ಮಾದರಿಯನ್ನಷ್ಟೇ ಇಟ್ಟುಕೊಂಡು ಹೊಸದನ್ನು ಮರಳಿ ಕಳಿಸಿದಳು.

"ಹುಳುಕನ್ನೂ ನಕಲು ಮಾಡ್ತಾರೇನೋ? ಹುಳುಕು ಕಂಡಲ್ಲಿ ಬಿಚ್ಚಿ ತೆಗೀಬೇಕು" ಎಂದು ಮೋನವ್ವ ಬೈದಳು. ಆಗಲಿ ಅಂದ ಮಾನಪ್ಪ.

ಮುಂದಿನ ವಾರ ಒಂದು ಸಡಿಲ ಗೂಟ ಬಿಗಿಯಲು ವಾಡೆಗೆ ಹೋದ. ಗೂಟ ಬಿಗಿದ, ಆಮೇಲೆ ಹುಳುಕು ಹುಡುಕಿದ. ಉಳಿದ ಐದು ಕುರ್ಚಿಗಳಿಂದ ಒಂದೊಂದು ಕಾಲು ಬಿಚ್ಚಿದ. ಮಂಚದ ಕಾಲಿನಲ್ಲೂ ಹುಳುಕು ಕಂಡಿತು, ಅದನ್ನೂ ಬಿಚ್ಚಿದ. ಮಂಚದ ಮೇಲೆ ಅಂಬಕ್ಕ ಮಲಗಿದ್ದಳು.

ಸುದ್ದಿ ತಿಳಿದ ಮೋನವ್ವ ಕುಂಟುತ್ತಲೇ ಧಾವಿಸಿ ಬಂದು, ಎದುರಿಗೆ ನಿಂತು ಎಲ್ಲ ಕಾಲೂ ಹಾಕಿಸಿದಳು. ಅಂಬಕ್ಕ ಸೊಂಟ ಒತ್ತಿಕೊಳ್ಳುತ್ತ, ಆರನೇ ಕುರ್ಚಿ ಮಾಡಲು ಇನ್ನೊಂದೇ ಅವಕಾಶ, ಅದೂ ಕೆಟ್ಟರೆ ಬೇರೆ ಊರಿನ ಬಡಿಗನನ್ನು ಕರೆಸುತ್ತೇನೆ ಅಂದುಬಿಟ್ಟಳು. ಮೋನವ್ವ ಮಗನ ಕೈ ಹಿಡಿದು ಹೊರಗೆ ಎಳೆದಳು. ಮನೆಗೆ ಬಂದವಳೇ, "ಹುಳುಕಿನ ಸುದ್ದಿ ಬಿಡು. ಕೂಡೋರ ಅಳತಿ ತಗೊಂಡು ಮಾಡು, ನಿಮ್ಮಪ್ಪ ಹಾಗೇ ಮಾಡತಿದ್ದ" ಅಂದಳು.

ಯಾರು ಕೂಡುತ್ತಾರೆ ಎಂದು ಮಾನಪ್ಪ ಕೇಳಿದ್ದಕ್ಕೆ ಅಂಬಕ್ಕ, ವಾಡೆಗೆ ಬಂದವರು ಕೂಡುತ್ತಾರೆ ಅಂದಳು. ಸರಿ, ಅವನು ದಾರ ಹಿಡಿದು ವಾಡೆಯ ಬಾಗಿಲಲ್ಲಿ ನಿಂತ. ಅಂಚೆಯವನ ಅಳತೆ ತೆಗೆದ, ಮಜ್ಜಿಗೆ ಮಾರುವವಳ ಅಳತೆ ತೆಗೆಯಹೋಗಿ ಬೈಸಿಕೊಂಡ. ಒಳಗೆ ನುಗ್ಗಿದ ಎಮ್ಮೆಯ ಅಳತೆಯನ್ನೂ ಬಿಡಲಿಲ್ಲ.

ಮೋನವ್ವನಿಗೆ ಸಾಕುಸಾಕಾಯಿತು. ನೆಲದಲ್ಲಿ ಕಾಲು ಚಾಚಿ ಜೋಳ ಹಸನು ಮಾಡುತ್ತಿದ್ದವಳು, "ಊರ ಮಂದಿ ಬ್ಯಾಡೋ ನನ್ನಪ್ಪ. ನನ್ನ ಅಳತಿನ ತಗೊಂಡು ಮುಗಿಸು" ಅಂದಳು. ಮಾನಪ್ಪ ಅಲ್ಲೇ ಕೂತು, ಅವಳು ಹೇಗಿದ್ದಳೋ ಹಾಗೇ ಅಳೆದ.

ಶುಕ್ರವಾರ ಕುರ್ಚಿ ವಾಡೆಯ ಪಡಸಾಲೆಗೆ ಬಂತು. ಕೂಡುವ ಹಲಗೆ ಮೊಳ ಎತ್ತರವೂ ಇಲ್ಲ. ಎಡಗಾಲು ಚಾಚಲು ಮುಂದೆ ಒಂದು ಪಟ್ಟಿ. ಕುರ್ಚಿಯ ಬಲಗೈ ಮಾತ್ರ ಗೋಡೆ ಹಿಡಿದಷ್ಟು ಎತ್ತರ, ಊರಿ ಏಳಲು. ಕಟ್ಟಿಗೆ ಕೂಡಿಸಿದ ರೀತಿ ಮುತ್ತಜ್ಜನದೇ, ಒಂದು ಮೊಳೆ ಇಲ್ಲ. ವಾಡೆಯ ಮಂದಿ ನಕ್ಕರು. ಮೋನವ್ವ ಸೆರಗು ಬಾಯಿಗಿಟ್ಟುಕೊಂಡು ನಿಂತಳು.

ಅಂಬಕ್ಕ ಕುರ್ಚಿಯ ಸುತ್ತ ಒಮ್ಮೆ ನಡೆದಳು. ಮೋನವ್ವನ ಕಾಲು ನೋಡಿದಳು.

"ಅಳತಿ ಯಾರದೋ ಕುರ್ಚಿ ಅವರದು. ಕೂಡು ಮೋನವ್ವ."

ಮೋನವ್ವ ಒಲ್ಲೆ ಒಲ್ಲೆ ಅನ್ನುತ್ತಲೇ ಕೂತಳು. ಬೆನ್ನಿಗೆ ಬೆತ್ತ ತಾಗಿತು. ನೋವಿನ ಕಾಲು ಪಟ್ಟಿಯ ಮೇಲೆ ತಾನಾಗಿ ಒರಗಿತು. ಬಲಗೈ ಊರಿ ಎದ್ದಳು, ಗೋಡೆ ಬೇಕಾಗಲಿಲ್ಲ. ಮತ್ತೆ ಕೂತಳು, ಕಣ್ಣಲ್ಲಿ ನೀರು ತುಂಬಿತು.

"ನಲವತ್ತು ವರ್ಷ ಕುರ್ಚಿ ನಡುವೆ ಬಾಳೇವು ಮಾಡೀನಿ ತಾಯಿ. ಕೂಡು ಅಂದವರು ನೀವ ಮೊದಲು. ನಿಮ್ಮ ಉಪಕಾರ ಮರೆಯೋದಿಲ್ಲ" ಅಂದಳು.

ನನಗೆ ನೋಯುವುದು ಬಲ ಮೊಣಕಾಲು, ನನ್ನ ಅಳತೆ ತಗೊಂಡು ಹೋಗಲಿ, ಆರನೇ ಕುರ್ಚಿ ಅದೇ ಆಗಲಿ ಅಂದಳು ಅಂಬಕ್ಕ. ವಾಡೆಯ ಕೆಲಸ ಉಳಿಯಿತು. ಮಾನಪ್ಪ ಹಲ್ಲು ಕಿರಿಯುತ್ತ ದಾರ ತೆಗೆದ.

ಅಳತೆ ಮುಗಿದಾಗ ಮೋನವ್ವ ಕಣ್ಣು ಮುಚ್ಚಿ ಒರಗಿದ್ದಳು. "ಬಾಳ ಹಾಯ್ ಅನಸ್ತದೋ ಮಗನ. ಮನಿ ಒಳಗ ಹೋಗೋತನಕ ನನ್ನ ಎಬ್ಬಿಸಬ್ಯಾಡ" ಅಂದಳು.

ಆಗಲಿ ಅಂದ ಮಾನಪ್ಪ. ಕುರ್ಚಿಯನ್ನು ತಾಯಿಯ ಸಮೇತ ತಲೆ ಮೇಲೆ ಹೊತ್ತ. ಹಿಡಿ, ಇಳಿಸು ಎಂದು ಅವಳು ಕೂಗುವಷ್ಟರಲ್ಲಿ ಅಂಗಡಿ ಬೀದಿ ಬಂದಿತ್ತು. ಮಂದಿ ಹೊರಗೆ ಬಂದು ನೋಡಿದರು. ಎಲ್ಲರೂ ನೋಡುತ್ತಿರುವುದು ಕಂಡು ಮೋನವ್ವ ಸೆರಗು ಸರಿ ಮಾಡಿಕೊಂಡು, ನೆಟ್ಟಗೆ ಕೂತಳು.

ಮನೆ ಮುಂದೆ ಕುರ್ಚಿ ಇಳಿಸಿದರೆ, ಬಾಗಿಲು ಸಣ್ಣದು. ಪಟ್ಟಿ ಚಾಚಿದ ಕುರ್ಚಿ ಒಳಗೆ ತೂರದು. ಎಬ್ಬಿಸುವಂತಿಲ್ಲ, ಒಳಗೆ ಹೋಗಲೇಬೇಕು. ಮಾನಪ್ಪ ಗರಗಸ ತಂದು ಬಾಗಿಲಿನ ಚೌಕಟ್ಟು ಕೊಯ್ಯತೊಡಗಿದ.

ಕಟ್ಟಿಗೆಯ ಹೊಟ್ಟು ಮೋನವ್ವನ ತಲೆ ಮೇಲೆ ಉದುರಿತು. ಬೈಯಲು ಬಾಯಿ ತೆರೆದಳು, ಮುಚ್ಚಿದಳು, ಕಾಲು ಇನ್ನಷ್ಟು ಚಾಚಿದಳು.

"ಸಾವಕಾಶ ಕೊಯ್ಯಪ್ಪ," ಅಂದಳು. "ನನಗೇನು ಅವಸರ ಇಲ್ಲ."