ತೊಳೆಯದ ಮಡಕೆ

"ಗುರುಗಳೇ, ಕುಡಿತದ ದೋಷ ಇರುವುದು ಮನುಷ್ಯನ ರಕ್ತದಲ್ಲೋ, ಮನಸ್ಸಿನಲ್ಲೋ?" ಎಂದು ಹಾಲಪ್ಪ ಕೇಳಿದ.

ಹಾಲಪ್ಪ ವೈದ್ಯವಿದ್ಯೆ ಕಲಿಯುತ್ತಿದ್ದವನು. ಅವನ ಗುರುಗಳ ಆಶ್ರಮಕ್ಕೆ ಕುಡಿತ ಬಿಡಬೇಕೆಂದು ಬರುವವರೇ ಹೆಚ್ಚು. ಬಂದ ಒಬ್ಬೊಬ್ಬರನ್ನೂ ಅವನು ಎದುರಿಗೆ ಕೂರಿಸಿಕೊಂಡು ವಿಚಾರಿಸುತ್ತಿದ್ದ. ಮೊದಲು ಕುಡಿದದ್ದು ಯಾವಾಗ, ಅಪ್ಪ ಕುಡಿಯುತ್ತಿದ್ದನೇ, ಅಜ್ಜ ಕುಡಿಯುತ್ತಿದ್ದನೇ, ಬಿಟ್ಟ ಮೇಲೆ ಕೈ ನಡುಗಿತೇ, ನಿದ್ದೆ ಬಂತೇ ಎಂದೆಲ್ಲ ಕೇಳುತ್ತಿದ್ದ. ವರ್ಷಗಟ್ಟಲೆ ಹೀಗೆ ಕೇಳಿ ಕೇಳಿ ಅವನಿಗೆ ಬಹಳ ತಿಳಿದಿತ್ತು. ತಿಳಿಯದೆ ಉಳಿದದ್ದು ಒಂದೇ. ಆಶ್ರಮದಲ್ಲಿ ಇದ್ದಷ್ಟು ಕಾಲವೂ ಒಂದು ಹನಿ ಮುಟ್ಟದ ಮನುಷ್ಯ, ಮನೆಗೆ ಹೋದ ಸ್ವಲ್ಪ ದಿನಕ್ಕೇ ಮತ್ತೆ ಕುಡಿಯುವುದು ಏಕೆ?

ಈ ಪ್ರಶ್ನೆ ಅವನನ್ನು ಅಷ್ಟು ಸುಡುತ್ತಿದ್ದುದಕ್ಕೆ ಕಾರಣವಿತ್ತು. ಹೀಗೆ ಮತ್ತೆ ಮತ್ತೆ ಬರುವವರಲ್ಲಿ ಅವನ ಸ್ವಂತ ಅಣ್ಣ ಕೊಟ್ರಪ್ಪನೂ ಇದ್ದ. ಚಿಕ್ಕಂದಿನಲ್ಲಿ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ ಅಣ್ಣ. ಈ ಸಲ ಬಂದಾಗ ಅವನ ಕಣ್ಣು ಹಳದಿಯಾಗಿತ್ತು, ಹೊಟ್ಟೆ ಊದಿತ್ತು. ಈಗ ಚೇತರಿಸಿಕೊಂಡಿದ್ದ. ನಾಳೆ ಊರಿಗೆ ಹೊರಡುವವನಿದ್ದ. ಇನ್ನೊಮ್ಮೆ ಕುಡಿತಕ್ಕೆ ಬಿದ್ದರೆ ಜೀವ ಉಳಿಯುವುದಿಲ್ಲವೆಂದು ಗುರುಗಳೇ ಹೇಳಿದ್ದರು.

"ನಮ್ಮ ಕಡೆಯಿಂದ ಯಾವ ಕೊರತೆಯೂ ಆಗಿಲ್ಲ," ಎಂದು ಹಾಲಪ್ಪ ಮುಂದುವರಿಸಿದ. "ಮನೆಯ ಬೀಗದ ಕೈ ಅಣ್ಣನಿಗೆ ಸಿಗದಂತೆ ನೋಡಿಕೊಂಡಿದ್ದೇವೆ. ಮಕ್ಕಳನ್ನು ಅವನ ಹತ್ತಿರ ಬಿಡುವುದಿಲ್ಲ. ಅವನ ತಟ್ಟೆ, ಲೋಟ ಬೇರೆ ಮಾಡಿ ಜಗಲಿಯ ಗೂಡಿನಲ್ಲಿ ಇಟ್ಟಿದ್ದೇವೆ. ಊಟ ಅಲ್ಲಿಗೇ ಹೋಗುತ್ತದೆ. ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದರೂ ಅವನು ತಿರುಗಿ ಹೆಂಡದ ಗಡಂಗಿನ ದಾರಿ ಹಿಡಿಯುತ್ತಾನೆ. ನಮ್ಮ ಅಪ್ಪನೂ ಕುಡಿಯುತ್ತಿದ್ದ. ರಕ್ತದ ದೋಷ ಎನ್ನುವುದಾದರೆ ಮದ್ದು ಕೊಡುವುದನ್ನು ಬಿಡುತ್ತೇನೆ. ಮನಸ್ಸಿನ ದೋಷ ಎನ್ನುವುದಾದರೆ ಅವನನ್ನೇ ಬಿಡುತ್ತೇನೆ."

ಗುರುಗಳು ತೇಯುತ್ತಿದ್ದ ಬೇರನ್ನು ಪಕ್ಕಕ್ಕಿಟ್ಟರು. "ಹೇಗೆ ನೋಡಿದರೂ ಬಿಡುಗಡೆ ನಿನಗೇ ಆಯಿತಲ್ಲಪ್ಪಾ," ಎಂದು ನಕ್ಕರು. "ರಕ್ತಕ್ಕೂ ಪಾಲಿದೆ, ಮನಸ್ಸಿಗೂ ಪಾಲಿದೆ. ಅದನ್ನು ಆಮೇಲೆ ನೋಡೋಣ. ಮೊದಲು ಈ ಕತೆ ಕೇಳು." ಆಮೇಲೆ ಅವರು ನಗಲಿಲ್ಲ.

ಈಚಲು ಮರದಿಂದ ಹೆಂಡ ಇಳಿಸುವವನು ಒಬ್ಬನಿದ್ದ. ಸಂಜೆ ಮರದ ಕುತ್ತಿಗೆ ಕೆತ್ತಿ ಮಡಕೆ ಕಟ್ಟುವುದು, ಬೆಳಿಗ್ಗೆ ಇಳಿಸಿ ಮಾರುವುದು, ಇದೇ ಅವನ ಕಸುಬು. ಅವನಿಗೊಬ್ಬನೇ ಮಗ. ಬೆಳೆದ ಮಗ ಒಂದು ದಿನ ಅಪ್ಪನ ಮಡಕೆಯ ಹೆಂಡವನ್ನೇ ಕುಡಿದು, ಮರ ಹತ್ತಿ, ಬಿದ್ದು ಸತ್ತ. ಮಣ್ಣು ಮಾಡಿ ಬಂದ ಅಪ್ಪ ಹೆಂಡತಿಯ ಮುಂದೆ ಆಣೆಯಿಟ್ಟ. ಇನ್ನು ನನ್ನ ಮರದಿಂದ ಹೆಂಡ ಇಳಿಯುವುದಿಲ್ಲ, ಸಿಹಿಯಾದ ನೀರಾ ಇಳಿಸಿ ಬೆಲ್ಲ ಕಾಸಿ ಬದುಕುತ್ತೇನೆ ಎಂದ.

ಸಂಜೆ ಮಡಕೆ ಕಟ್ಟಿದ. ಬೆಳಿಗ್ಗೆ ಇಳಿಸಿ ನೋಡಿದರೆ ನೊರೆ, ಹುಳಿ ನಾತ. ಹೆಂಡವೇ ಆಗಿತ್ತು. ಈ ಮರವೇ ಕೆಟ್ಟದ್ದು ಎಂದು ಕೊಡಲಿ ತಂದು ಕಡಿದ. ಪಕ್ಕದ ಮರಕ್ಕೆ ಕಟ್ಟಿದ. ಅದೂ ಹೆಂಡವಾಯಿತು. ಇದು ಅದರದೇ ಬೀಜದ್ದು ಎಂದು ಅದನ್ನೂ ಕಡಿದ. ದುಃಖಕ್ಕೆ ಹಟ ಸೇರಿದರೆ ಕಣ್ಣು ಕಾಣಿಸುವುದಿಲ್ಲ. ಸಾಲು ಸಾಲೇ ಉರುಳಿತು. ಕೊನೆಗೆ ಮಗ ಹುಟ್ಟಿದ ವರ್ಷ ನೆಟ್ಟ ಮರವೊಂದೇ ಉಳಿಯಿತು. ಅದರ ರಸವೂ ಹುಳಿಯಾದ ಬೆಳಿಗ್ಗೆ ಅವನು ಕೊಡಲಿ ಎತ್ತಿದ. ಹೆಂಡತಿ ಓಡಿ ಬಂದು ಮರಕ್ಕೆ ಅಡ್ಡ ನಿಂತಳು.

"ಮರ ಏನ್ ಮಾಡೈತಿ? ಕೆತ್ತಿದ ಗಾಯಕ್ಕ ಬೆರಳು ಹಚ್ಚಿ ನೆಕ್ಕಿ ನೋಡ್ರಿ, ಸಿಹಿನೇ ಐತಿ. ಆ ಮಡಕಿ ಎಂದಾರ ತೊಳದೀರೇನು?" ಎಂದಳು.

"ಮಡಕಿ ತೊಳದ್ರ ಮನಿ ಭಾಗ್ಯ ಹೋಗತೈತಂತ ನಮ್ಮ ಹಿರೇರು ಹೇಳ್ಯಾರ," ಎಂದ ಅವನು.

"ಭಾಗ್ಯ ಇನ್ನೇನ್ ಉಳದೈತ್ರೀ?" ಎಂದು ಅವಳು ಅತ್ತಳು.

ಆ ಕಸುಬಿನವರಲ್ಲಿ ಮಡಕೆ ತೊಳೆಯುವ ರೂಢಿಯೇ ಇರಲಿಲ್ಲ. ತಳದಲ್ಲಿ ಹಳೆಯ ಹೆಂಡದ ಗಷ್ಟು ಇದ್ದರೆ ಹೊಸ ರಸ ಬೇಗ ಹುಳಿಯುತ್ತದೆ. ಹಿರಿಯರು ಅದಕ್ಕಾಗಿಯೇ ತೊಳೆಯದೆ ಇಟ್ಟಿದ್ದರು. ಆದರೆ ಮಕ್ಕಳಿಗೆ ಹೇಳುವಾಗ ಕಾರಣ ಹೇಳಿರಲಿಲ್ಲ, ಭಾಗ್ಯದ ಮಾತನ್ನಷ್ಟೇ ಹೇಳಿದ್ದರು. ಹಾಗಾಗಿ ಆಣೆಯಿಟ್ಟ ಮೇಲೂ ಅವನು ಮರ ಬದಲಾಯಿಸುತ್ತಾ ಹೋದನೇ ಹೊರತು ಮಡಕೆಯ ಒಳಗೆ ಇಣುಕಲಿಲ್ಲ. ದಿನಾ ಸಂಜೆ ಅದನ್ನು ಕಣ್ಣಿಗೊತ್ತಿಕೊಂಡು ತನ್ನ ಕೈಯಾರೆ ಕಟ್ಟುತ್ತಿದ್ದ.

ಹೆಂಡತಿ ಮಡಕೆಯನ್ನು ಉಜ್ಜಿ ತೊಳೆದಳು, ಬಿಸಿಲಿಗಿಟ್ಟು ಒಣಗಿಸಿದಳು, ರಸ ಹುಳಿಯದಂತೆ ಒಳಗೆ ಸುಣ್ಣ ಬಳಿದು ಕೊಟ್ಟಳು. ಮಾರನೆಯ ಬೆಳಿಗ್ಗೆ ಇಳಿದ ರಸ ಸಿಹಿಯಾಗಿತ್ತು. ಅವನು ಒಂದು ಗುಟುಕು ಕುಡಿದು, ಕಡಿದು ಕೆಡವಿದ ಮರಗಳ ನಡುವೆ ಕುಳಿತು ಬಿಕ್ಕಿ ಬಿಕ್ಕಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಹಾಲಪ್ಪನ ಮುಖ ಅರಳಿತ್ತು. ಹುಡುಕಿದ್ದು ಸಿಕ್ಕಿತು ಎನಿಸಿತ್ತು ಅವನಿಗೆ.

"ತಿಳಿಯಿತು ಗುರುಗಳೇ. ದೋಷ ಆ ಗಡಂಗಿನದು, ಅವನ ಜೊತೆ ಕುಡಿಯುವ ಪುಂಡರದು. ನಮ್ಮ ಊರೇ ಸರಿಯಿಲ್ಲ," ಎಂದ.

ಅಂಗಳದಲ್ಲಿ ಕೊಟ್ರಪ್ಪ ನಾಳೆಯ ಪ್ರಯಾಣಕ್ಕೆಂದು ತನ್ನ ಬಟ್ಟೆಯ ಗಂಟು ಕಟ್ಟುತ್ತಿದ್ದ. ಗುರುಗಳು ಅವನ ಕಡೆ ನೋಡಿದರು, ಮತ್ತೆ ಶಿಷ್ಯನ ಕಡೆ ತಿರುಗಿದರು.

"ಇಲ್ಲಿಂದ ಅವನು ಸಿಹಿಯಾಗಿಯೇ ಹೊರಡುತ್ತಾನೆ, ಬೀಳುವುದು ನಿಮ್ಮ ಮನೆಯ ಮಡಕೆಗೆ. ಜಗಲಿಯ ಗೂಡಿನಲ್ಲಿರುವ ಆ ತಟ್ಟೆಯನ್ನು ನಾಳೆ ಒಳಗೆ ತರುವವರು ಯಾರು, ಹಾಲಪ್ಪಾ?"